ಅಕ್ಕನ ಅಂಗೈ

ಶಾಲೆಯ ವ್ಯಾನು ಬರುವುದು ಐದು ನಿಮಿಷ ತಡವಾದರೆ ಗೇಟಿನ ಬಳಿ ಏನೇನು ನಡೆಯುತ್ತದೆ ಎಂಬುದು ಮಕ್ಕಳಿರುವ ಮನೆಯವರಿಗೆಲ್ಲ ಗೊತ್ತು. ಈ ವಾರ ಒಂದು ದಿನ ಮಾತ್ರ ನಮ್ಮ ಗೇಟಿನ ಕಡೆಯಿಂದ ಜಗಳದ ಸದ್ದೇ ಇರಲಿಲ್ಲ. ಇಣುಕಿ ನೋಡಿದೆ. ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದಾರೆ. ಚಿಕ್ಕವಳು ತಾಳ ಹಾಕುತ್ತಿದ್ದಾಳೆ. ತನ್ನ ತೊಡೆಯ ಮೇಲಲ್ಲ, ಅಕ್ಕ ಚಾಚಿ ಹಿಡಿದ ಅಂಗೈಯ ಮೇಲೆ.

ಚಿಕ್ಕವಳು ಸಂಗೀತದ ಪಾಠಕ್ಕೆ ಸೇರಿದ್ದು ಈ ಜೂನ್‌ನಲ್ಲಿ. ಶಾಲೆಯೂ ಹೊಸದು, ಪಾಠವೂ ಹೊಸದು. ಸಂಜೆಯ ಹೋಮ್‌ವರ್ಕ್ ಊಟದ ಹೊತ್ತಿಗೆ ಸರಿಯಿತು, ಟಿ.ವಿ. ತಾನಾಗಿಯೇ ಹಿಂದೆ ಬಿತ್ತು, ಮೊಬೈಲಿನಲ್ಲಿ ಶ್ರುತಿ ಹಾಕಿಟ್ಟ ಮೇಲೆ ಆ ಅರ್ಧ ಗಂಟೆ ಯಾರೂ ಫೋನು ಮುಟ್ಟುವಂತಿಲ್ಲ. ಇದೆಲ್ಲ ಬೇಗ ರೂಢಿಯಾಯಿತು. ರೂಢಿಯಾಗದೆ ಉಳಿದದ್ದು ಅವಳ ಉಂಗುರದ ಬೆರಳು.

ಆದಿತಾಳದಲ್ಲಿ ಎಂಟು ಎಣಿಕೆ. ಮೊದಲು ಒಂದು ಘಾತ, ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಅಲ್ಲಿಗೆ ನಾಲ್ಕು. ಮತ್ತೆ ಒಂದು ಘಾತ ಒಂದು ಹುಸಿ, ಇನ್ನೊಮ್ಮೆ ಒಂದು ಘಾತ ಒಂದು ಹುಸಿ. ಹೇಳುವುದಕ್ಕೆ ಇಷ್ಟೇ. ಆದರೆ ಉಂಗುರದ ಬೆರಳೊಂದನ್ನೇ ಇಳಿಸೆಂದರೆ ಪುಟ್ಟ ಕೈಯಲ್ಲಿ ಪಕ್ಕದ ಬೆರಳುಗಳೂ ಅದರ ಜೊತೆಗೇ ಹೊರಡುತ್ತವೆ. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಯಿ ಪಂಚಮ ದಾಟಿರುತ್ತದೆ, ಕೈ ಇನ್ನೂ ಗಾಂಧಾರದಲ್ಲಿರುತ್ತದೆ. ಎರಡೂ ಒಂದೇ ಮಗುವಿನವು ಎಂದು ನಂಬುವುದೇ ಕಷ್ಟ.

ಅಕ್ಕ ಇದಕ್ಕೊಂದು ಉಪಾಯ ಮಾಡಿದ್ದಾಳೆ. ತನ್ನ ಅಂಗೈಯನ್ನು ಕೆಳಗಿಟ್ಟಿದ್ದಾಳೆ. ತಂಗಿಯ ಬೆರಳು ತಡವಾದರೆ ತಾನೂ ಸ್ವರ ಎಳೆದು ಕಾಯುತ್ತಾಳೆ, ಬೆರಳು ಬಂದು ತಾಗಿದ ಮೇಲೆಯೇ ಮುಂದಿನ ಸ್ವರಕ್ಕೆ ಹೋಗುತ್ತಾಳೆ. ತಾಳ ಹೀಗೆ ಕಾಯಬಾರದು ಎಂಬುದು ಶಾಸ್ತ್ರ. ಆದರೂ ಕಲಿಯುವ ಮೊದಲ ದಿನಗಳಲ್ಲಿ ಯಾರಾದರೊಬ್ಬರು ಕಾಯಲೇಬೇಕಲ್ಲ.

ನನ್ನ ಮನಸ್ಸು ನಿಂತದ್ದು ಚಿಕ್ಕವಳಿಗಿಂತ ಹೆಚ್ಚಾಗಿ ದೊಡ್ಡವಳ ಮೇಲೆ. ಅವಳು ಸರಳೆ, ಜಂಟಿ ಮುಗಿಸಿ ಈಗ ಅಲಂಕಾರಗಳಲ್ಲಿದ್ದಾಳೆ. ಅವಳಿಗೆ ಮೂರನೆಯ ಕಾಲವೆಂದರೆ ಪ್ರಾಣ. ಕಾರಣವೂ ಇದೆ. ಮೊದಲ ಸರಳೆವರಸೆ ಏರಿ ಇಳಿಯುವುದಕ್ಕೆ ಹದಿನಾರು ಸ್ವರ. ಒಂದನೆಯ ಕಾಲದಲ್ಲಿ ಅದಕ್ಕೆ ಎರಡು ಆವರ್ತ ಬೇಕು, ಎರಡನೆಯದರಲ್ಲಿ ಒಂದು ಸಾಕು. ಮೂರನೆಯದಕ್ಕೆ ಬಂದರೆ ಬೆರಳೆಣಿಕೆಯ ಆ ನಾಲ್ಕರಲ್ಲೇ ಮೇಲಿನ ಷಡ್ಜ ಮುಟ್ಟಿ ವಾಪಸು ಬಂದಿರಬೇಕು. ಆವರ್ತ ತುಂಬಬೇಕಾದರೆ ಮತ್ತೊಮ್ಮೆ ಹಾಡಬೇಕು. ಆ ಓಟದ ಖುಷಿಯನ್ನು ಮಕ್ಕಳ ಮುಖದಲ್ಲಿ ನೋಡಬೇಕು. ಆದರೆ ಓಟದಲ್ಲಿ ಸ್ವರ ಎಲ್ಲಿ ಜಾರಿತು ಎಂಬುದು ಯಾರ ಕಿವಿಗೂ ಬೀಳುವುದಿಲ್ಲ.

ಸರಳೆ ಕಲಿಸುವುದು ಮಾಯಾಮಾಳವಗೌಳದಲ್ಲಿ, ಮೇಳಕರ್ತಗಳಲ್ಲಿ 15ನೆಯದು. ಆ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ಪರಂಪರೆಯ ನಂಬಿಕೆ. ಮಕ್ಕಳ ಗಂಟಲನ್ನು ಬಲ್ಲವರೇ ಈ ರಾಗವನ್ನು ಆರಿಸಿರಬೇಕು ಎಂದು ನನಗೆ ಅನಿಸುತ್ತದೆ. ಇದರಲ್ಲಿ ರಿಷಭ ಷಡ್ಜದ ಮಗ್ಗುಲಲ್ಲೇ ಇದೆ, ಗಾಂಧಾರ ಮಧ್ಯಮದ ಮಗ್ಗುಲಲ್ಲಿ. ನಡುವೆ ದೊಡ್ಡ ಜಿಗಿತ. ಪಂಚಮದಿಂದಾಚೆಗೂ ಅದೇ ನಡಿಗೆ. ಕೆಳಗಿನ ಅರ್ಧ ಗಂಟಲಿಗೆ ಕೂತರೆ ಮೇಲಿನ ಅರ್ಧಕ್ಕೆ ದಾರಿ ಗೊತ್ತಾಗಿಬಿಡುತ್ತದೆ. ಕಷ್ಟವಿರುವುದು ಆ ರಿಷಭದಲ್ಲಿ. ಮಕ್ಕಳು ಅದನ್ನು ಸ್ವಲ್ಪ ಮೇಲಕ್ಕೇ ಹಿಡಿಯುತ್ತಾರೆ. ದೊಡ್ಡವಳೂ ಹಾಗೇ ಹಿಡಿಯುತ್ತಿದ್ದಳು.

ತಂಗಿಗೋಸ್ಕರ ಅವಳು ಮತ್ತೆ ಒಂದನೆಯ ಕಾಲಕ್ಕೆ ಇಳಿದಿದ್ದಾಳೆ. ಒಂದು ಎಣಿಕೆಗೆ ಒಂದೇ ಸ್ವರ. ಬೆರಳು ತಡವಾದರೆ ಇನ್ನೂ ಉದ್ದ. ಅಷ್ಟು ಹೊತ್ತು ರಿಷಭದ ಮೇಲೆ ನಿಂತರೆ ಅದು ಸರಿಯಿದೆಯೋ ಇಲ್ಲವೋ ಹಾಡುವವಳ ಕಿವಿಗೇ ಕೇಳಿಸುತ್ತದೆ. ಮೊನ್ನೆ ಸಂಜೆ ಒಗ್ಗರಣೆ ಹಾಕುತ್ತಿದ್ದವಳು ಕೈ ತಡೆದು ಕೇಳಿದೆ. ಅವಳ ರಿಷಭ ಷಡ್ಜದ ಪಕ್ಕಕ್ಕೆ ಬಂದು ಕೂತಿತ್ತು. ಯಾರೂ ತಿದ್ದಿರಲಿಲ್ಲ. ತಂಗಿಯ ಬೆರಳಿಗಾಗಿ ಕಾದದ್ದಷ್ಟೇ.

ಇದರಿಂದ ದೊಡ್ಡ ತೀರ್ಮಾನಕ್ಕೆ ಬರಲು ನನಗೆ ಇಷ್ಟವಿಲ್ಲ. ನಾಳೆ ಇಬ್ಬರೂ ಪೆನ್ಸಿಲ್ಲಿಗಾಗಿ ಕಿತ್ತಾಡುತ್ತಾರೆ, ಅದೂ ನಿಜ. ಆದರೂ ಒಂದು ಮಾತು ಹೇಳಬೇಕೆನಿಸುತ್ತದೆ. ಮಗು ಏನಾದರೂ ಹೊಸದಕ್ಕೆ ಸೇರಿದೊಡನೆ ನಮ್ಮೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಲ್ಲಿವರೆಗೆ ಬಂತು? ನೆಂಟರು ಬಂದರೆ, ‘ಇನ್ನೂ ಸರಳೆಯಾ? ಗೀತೆ ಶುರುವಾಗಲಿಲ್ಲವಾ?’ ಗಣೇಶನ ಹಬ್ಬ ಹತ್ತಿರ ಬಂದರೆ, ‘ಒಂದು ಹಾಡು ಹೇಳಿಸಿಬಿಡಿ, ವೇದಿಕೆ ಇದೆ.’ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಈ ಅವಸರ ಮಕ್ಕಳದ್ದಲ್ಲ. ಕೇಳಿದ ಕಥೆಯನ್ನೇ ಮತ್ತೆ ಹೇಳು ಅನ್ನುವವರು ಅವರು. ನಿನ್ನೆಯ ವರಸೆಯನ್ನೇ ಇವತ್ತೂ ಹಾಡಬೇಕೆಂದರೆ ಚಿಕ್ಕವಳಿಗೆ ಎಳ್ಳಷ್ಟೂ ಬೇಸರವಿಲ್ಲ. ಕಛೇರಿ ಮಾಡುವ ವಿದ್ವಾಂಸರಲ್ಲೂ ಬೆಳಗಿನ ಸಾಧನೆಗೆ ಸರಳೆಯನ್ನೇ ಹಿಡಿದು ಕೂರುವವರಿದ್ದಾರೆ. ದಾಟಿ ಬಿಟ್ಟುಬಿಡುವ ಪಾಠವಾಗಿದ್ದರೆ ಅವರೇಕೆ ಕೂರುತ್ತಿದ್ದರು?

ನಿಮ್ಮ ಮನೆಯಲ್ಲೂ ಈ ವರ್ಷ ಹೊಸ ಪಾಠಕ್ಕೆ ಸೇರಿದ ಹುಡುಗಿ ಇರಬಹುದು. ಸಂಗೀತವೇ ಆಗಬೇಕಿಲ್ಲ, ನೃತ್ಯವಿರಲಿ, ಈಜಿರಲಿ, ಕರಾಟೆಯಿರಲಿ. ಇವತ್ತು ಸಂಜೆ ಅವಳು ಮನೆಗೆ ಬಂದಾಗ, ಹೊಸದೇನು ಕಲಿತೆ ಎಂದು ಕೇಳಬೇಡಿ. ಮೊದಲ ದಿನ ಕಲಿತದ್ದನ್ನೇ ಇನ್ನೊಂದು ಸಲ ಮಾಡಿ ತೋರಿಸು ಅನ್ನಿ. ಮನೆಯಲ್ಲಿ ಅವಳಿಗಿಂತ ದೊಡ್ಡವಳೊಬ್ಬಳಿದ್ದರೆ, ಅವಳನ್ನೂ ಪಕ್ಕದಲ್ಲಿ ಕೂರಿಸಿ.