ಕಾಲ ಸರಿಹೋಗಲಿ ಎನ್ನುವವರಿಗೆ

ಈಚೆಗೆ ಈ ಮಾಲಿಕೆಗೆ ಬರುವ ಪತ್ರಗಳಲ್ಲೆಲ್ಲ ಒಂದೇ ಅಳಲು. ಮಗನಿಗೆ 17, ಮಗಳಿಗೆ 18. ಪಿಯುಸಿ ಮುಗಿದಿದೆ, ಇಲ್ಲವೇ ಅರ್ಧಕ್ಕೆ ನಿಂತಿದೆ. ಕಾರ್ಖಾನೆಗಳಿಗೆ ಆರ್ಡರ್ ಇಲ್ಲ, ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. "ಒಂದೆರಡು ವರ್ಷ ಮನೆಯಲ್ಲಿರಲಿ, ಕಾಲ ಸರಿಹೋದ ಮೇಲೆ ನೋಡಿದರಾಯಿತು, ಅಲ್ಲವೇ ಸಾರ್?"

ಅಲ್ಲ. ವ್ಯಾಪಾರ ಬಿದ್ದಾಗ ಮಾಲೀಕ ಪಳಗಿದ ಕೈಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೋದರೆ ಮತ್ತೆ ಸಿಗುವುದಿಲ್ಲವೆಂದು ಅವನಿಗೆ ಗೊತ್ತು. ಅವನು ಮೊದಲು ಮುಚ್ಚುವುದು ಗೇಟು. ಹಾಗಾಗಿ ಮೊದಲ ಪೆಟ್ಟು ಇನ್ನೂ ಒಳಗೇ ಬಾರದ ಹುಡುಗರಿಗೆ. ಇಷ್ಟು ಎಲ್ಲರಿಗೂ ಹೊಳೆಯುತ್ತದೆ, ಹೊಳೆಯದಿರುವುದು ಮುಂದಿನದು. ಎರಡು ವರ್ಷಕ್ಕೆ ಗೇಟು ತೆರೆಯಿತು ಅನ್ನಿ. ಅಲ್ಲಿ ನಿಮ್ಮ ಮಗನ ಜೊತೆ ಆ ವರ್ಷ ಪಾಸಾದ ಹೊಸ ಬ್ಯಾಚೂ ನಿಂತಿರುತ್ತದೆ. ಮಾಲೀಕ ಕರೆಯುವುದು ಹೊಸಬರನ್ನು. ನಿಮ್ಮವನಿಗೆ ಸಿಗುವುದು ಒಂದು ಪ್ರಶ್ನೆ: "ಎರಡು ವರ್ಷ ಏನಪ್ಪಾ ಮಾಡ್ತಿದ್ದೆ?"

ಜಪಾನಿನಲ್ಲಿ ಓದು ಮುಗಿಸಿದವರನ್ನು ಪ್ರತಿ ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುವ ರೂಢಿ. 1990ರ ದಶಕದ ಕುಸಿತದಲ್ಲಿ ನೇಮಕ ಸೊರಗಿತು. ಆಗ ಹೊರಬಂದವರಲ್ಲಿ ಅನೇಕರು ಕಾಯಂ ಕೆಲಸ ಕಾಣದೆ ನಡುವಯಸ್ಸು ಮುಟ್ಟಿದರು. 2019ರಲ್ಲಿ ಸರ್ಕಾರ ಅವರಿಗೆಂದೇ ನೆರವಿನ ಯೋಜನೆ ತರಬೇಕಾಯಿತು. ಕಾಲ ಸರಿಹೋಗಿತ್ತು, ಅವರ ಸರದಿ ಬರಲಿಲ್ಲ. ಮತ್ತೆ ಹೇಳುತ್ತೇನೆ, ಗೇಟು ತೆರೆದಾಗ ಸಾಲು ಬದಲಾಗಿರುತ್ತದೆ.

ಕೈಯೂ ಮರೆಯುತ್ತದೆ. ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತಿದ್ದವನು. ರಜೆಗೆ ಮುಂಚೆ ಕಬ್ಬಿಣದ ತುಂಡನ್ನು ನೀಟಾಗಿ ಫೈಲಿಂಗ್ ಮಾಡುತ್ತಿದ್ದ ಹುಡುಗ, ರಜೆ ಮುಗಿಸಿ ಬಂದು ಮಾಡಿದ ತುಂಡಿಗೆ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ರಜೆಗೇ ಹೀಗಾದರೆ ಎರಡು ವರ್ಷಕ್ಕೆ?

ಹೆಣ್ಣುಮಕ್ಕಳಿಗೆ ಈ ಖಾಲಿ ವರ್ಷ ಇನ್ನೂ ದುಬಾರಿ. ಮಗಳು ಮನೆಯಲ್ಲಿದ್ದಾಳೆ ಎಂದು ಗೊತ್ತಾದರೆ ಸಾಕು, ಜಾತಕ ಹಿಡಿದು ಬರುವ ನೆಂಟರಿಗೆ ಯಾವ ಹಿಂಜರಿತವೂ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಫೇಲಾದವರು ಮುಂದಿನ ವರ್ಷಕ್ಕೆ ಕಾಯಬೇಡಿ, ಅದೇ ವರ್ಷ ಮತ್ತೆ ಪರೀಕ್ಷೆ ಇರುತ್ತದೆ. ಐಟಿಐ ಎಂದರೆ ದಡ್ಡರಿಗೆ ಎಂಬ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಎರಡು ವರ್ಷದ ಐಟಿಐ ಪಾಸಾದವರು ಡಿಪ್ಲೊಮಾದ 2ನೇ ವರ್ಷಕ್ಕೆ ನೇರ ಸೇರಬಹುದು, ಅಲ್ಲಿಂದ ಎಂಜಿನಿಯರಿಂಗಿಗೂ ದಾರಿಯಿದೆ.

ಅಪ್ರೆಂಟಿಸ್‌ಶಿಪ್ ಕೂಡ ಇದೆ. 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಕನಿಷ್ಠ ಶೇ. 2.5ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ನಿಯಮ. ಸೇರುವ ಮುನ್ನ ಒಪ್ಪಂದ ಸರ್ಕಾರಿ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ಆಗಿಲ್ಲದಿದ್ದರೆ ಸೇರಿದ ಹುಡುಗ ಅಪ್ರೆಂಟಿಸ್ ಅಲ್ಲ, ಬರೀ ಹೆಲ್ಪರ್. ವರ್ಷಗಟ್ಟಲೆ ಟೀ ತಂದು, ಸ್ಕ್ರ್ಯಾಪ್ ಎತ್ತಿ, ಒಂದು ಸರ್ಟಿಫಿಕೇಟೂ ಇಲ್ಲದೆ ಹೊರಬಂದವರನ್ನು ನೋಡಿದ್ದೇನೆ.

ಮಗನ ದುಡಿಮೆ ಇಲ್ಲದೆ ಒಲೆ ಉರಿಯುವುದಿಲ್ಲ ಎನ್ನುವ ಮನೆಗಳಿವೆ. ಕಳಿಸಿ, ಬೇಡವೆನ್ನುವುದಿಲ್ಲ. ಜೊತೆಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್‌ನಲ್ಲಿ ಹೆಸರು ಬರೆಸಿ, ದಿನವೂ ತರಗತಿಗೆ ಹೋಗಬೇಕಿಲ್ಲ. ಐಟಿಐಗೆ ಸೇರಿಸುವವರು ಪ್ರವೇಶದ ಮೊದಲ ಸುತ್ತು ಮುಗಿಯಿತೆಂದು ಸುಮ್ಮನಾಗಬೇಡಿ. ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಿಡಿದು ಹತ್ತಿರದ ಐಟಿಐಯ ಪ್ರಾಂಶುಪಾಲರ ಕೋಣೆಗೇ ಹೋಗಿ, ಯಾವ ಟ್ರೇಡ್‌ನಲ್ಲಿ ಸೀಟು ಉಳಿದಿದೆ ಎಂದು ಕೇಳಿ.