ಉಪ್ಪಿನ ದಾರಿ

ಫೋಂಡಾದಿಂದ ಪೂರ್ವಕ್ಕೆ ಹೊರಟ ಬಸ್ಸು ಮೊಲ್ಲೆಮ್ ದಾಟಿ ಅನಮೋಡ ಘಟ್ಟವನ್ನು ಬೇಗನೆ ಏರಿಬಿಡುತ್ತದೆ. ಆದರೆ ಗೋವೆಯ ಉಪ್ಪು ಶತಮಾನಗಳ ಕಾಲ ಸಹ್ಯಾದ್ರಿಯನ್ನು ಹತ್ತಿದ್ದು ಎತ್ತಿನ ಬೆನ್ನ ಮೇಲೆ. ಲಂಬಾಣಿಗರು ಬಯಲುಸೀಮೆಯ ಧಾನ್ಯವನ್ನು ಹೇರಿಕೊಂಡು ಇಳಿಯುತ್ತಿದ್ದರು, ಉಪ್ಪು ತುಂಬಿಕೊಂಡು ಮರಳುತ್ತಿದ್ದರು. ಹೆಂಗಸರು, ಮಕ್ಕಳು, ನಾಯಿಗಳು, ಇಡೀ ತಾಂಡವೇ ದಾರಿಯ ಮೇಲೆ. ಮಳೆಗಾಲದಲ್ಲಿ ಮಾತ್ರ ಬಿಡಾರ.

ಆ ಎತ್ತುಗಳ ಹಾಗೆಯೇ ಆಂಡಿಸ್ ಪರ್ವತದಲ್ಲಿ ಇಂದಿಗೂ ಲಾಮಾಗಳು ಚಾರಣಿಗರ ಸಾಮಾನು ಹೊರುತ್ತವೆ. ಇಪ್ಪತ್ತೈದು ಮೂವತ್ತು ಕಿಲೋ, ಅಷ್ಟೇ. ಹೊರೆ ಮಿತಿಮೀರಿದರೆ ಕುಳಿತುಬಿಡುತ್ತವೆ, ಏಳುವುದಿಲ್ಲ. ಮಾರ್ಗದರ್ಶಿ ಹೊರೆ ಇಳಿಸಲೇಬೇಕು. ಪ್ರಾಣಿಯ ಈ ಹಟವನ್ನು ನಾನು ಗೌರವಿಸುತ್ತೇನೆ. ಎತ್ತಿನ ದಣಿವು, ಗೊರಸಿನ ಗಾಯ, ನೀರಿನ ತಾಣ, ಹುಲಿಯ ಜಾಡು, ಇವೆಲ್ಲ ತಿಳಿದಿದ್ದ ಲಂಬಾಣಿ ನಾಯಕನೂ ದೊಡ್ಡ ಮಾರ್ಗದರ್ಶಿಯೇ. ಪರ್ವತಾರೋಹಿಗಳ ಹೆಸರು ಬರೆದಿಟ್ಟ ನಾವು ಅವನ ಹೆಸರು ಬರೆಯಲಿಲ್ಲ. ಅದು ನನ್ನನ್ನು ನೋಯಿಸುತ್ತದೆ.

1888ರ ಹೊತ್ತಿಗೆ ಮುರ್ಗಾಂವಿನ ರೈಲು ಘಟ್ಟ ಹತ್ತಿ ಕ್ಯಾಸಲ್ ರಾಕ್ ತಲುಪಿತು. ಎತ್ತುಗಳ ಹೇರು ಕ್ರಮೇಣ ನಿಂತಿತು. ಗೋವೆಯ ಕಟ್ಟಡ ಕೆಲಸಗಳಲ್ಲಿ ಇಂದು ಉತ್ತರ ಕರ್ನಾಟಕದ ಲಂಬಾಣಿ ಕುಟುಂಬಗಳು ದುಡಿಯುತ್ತಿವೆ. ಅವರ ಹಿರಿಯರನ್ನು ಆ ದಾರಿಗಳ ಬಗ್ಗೆ ಕೇಳಿ. ಹಾಡಿದರೆ ಬರೆದುಕೊಳ್ಳಿ.