ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಮುನ್ನ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರು ನಿಮ್ಮಲ್ಲೂ ನಿಮ್ಮ ಮನೆಗಳಲ್ಲೂ ಅನೇಕರಿದ್ದೀರಿ. ಒಂದು ವಾರ ಹಗಲು ಶಿಫ್ಟ್, ಇನ್ನೊಂದು ವಾರ ರಾತ್ರಿ ಶಿಫ್ಟ್. ಊಟಕ್ಕೆ ಹೊತ್ತುಗೊತ್ತಿಲ್ಲ. ಹೊಟ್ಟೆ ಉರಿದರೆ ಮೆಡಿಕಲ್ ಸ್ಟೋರಿನಿಂದ ಪ್ಯಾಂಟೊಪ್ರಜೋಲ್, ಸೊಂಟ ನೋವಿಗೆ ಡೈಕ್ಲೋಫೆನಾಕ್. ಕೇಳಿದರೆ "ಏನಿಲ್ಲ, ಬರೀ ಗ್ಯಾಸ್ಟ್ರಿಕ್" ಅನ್ನುತ್ತೀರಿ. ಆ ಗ್ಯಾಸ್ಟ್ರಿಕ್ ಹಿಂದೆ ಕೆಲವರಲ್ಲಿ ಒಂದು ಬ್ಯಾಕ್ಟೀರಿಯಾ ಅಡಗಿರುತ್ತದೆ. ಅದರ ಹೆಸರು ಹೆಲಿಕೊಬ್ಯಾಕ್ಟರ್ ಪೈಲೋರಿ.

ಜಠರದ ಆಮ್ಲದಲ್ಲಿ ಯಾವ ರೋಗಾಣುವೂ ಬದುಕದು ಎಂದು ವೈದ್ಯರೇ ನಂಬಿದ್ದರು. ಹುಣ್ಣು ಬರುವುದು ಚಿಂತೆಯಿಂದ, ಖಾರದಿಂದ ಎನ್ನುತ್ತಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ಆದರೂ ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. (ವಿದ್ಯಾರ್ಥಿಗಳೇ, ಇಂಥ ಪ್ರಯೋಗ ನೀವು ಮಾಡಬೇಡಿ.)

ಇದು ಕಾರ್ಖಾನೆಗಳ ಕೊಳಕು ನೀರಿನಿಂದ ಬಂತೇ ಎಂದು ಕೇಳುವವರಿದ್ದಾರೆ. ರಾಸಾಯನಿಕದ ತೊಂದರೆ ಬೇರೆ, ಇದು ಬೇರೆ. ಇದು ಮನುಷ್ಯನಿಂದ ಮನುಷ್ಯನಿಗೆ, ಹೆಚ್ಚಾಗಿ ಬಾಲ್ಯದಲ್ಲೇ, ಮನೆಯೊಳಗೇ ಬಾಯಿಯ ಮೂಲಕ ಅಂಟುತ್ತದೆ. ನಮ್ಮ ದೇಶದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಇದೆ ಎಂದೇ ಅಂದಾಜು. ಅವರಲ್ಲಿ ಬಹುಪಾಲು ಜನರಿಗೆ ಹುಣ್ಣಾಗುವುದೇ ಇಲ್ಲ.

ಹಾಗಾದರೆ ಮದ್ದು ಯಾರಿಗೆ? ಜಠರದ ಕ್ಯಾನ್ಸರಿಗೆ ಇದೂ ಒಂದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಘೋಷಿಸಿತು. ಸೋಂಕು ಇದ್ದವರಿಗೆಲ್ಲ, ಬೇರೆ ಅಡ್ಡಿಯಿಲ್ಲದಿದ್ದರೆ, ಚಿಕಿತ್ಸೆ ಕೊಡಬಹುದು ಎಂದು 2015ರಲ್ಲಿ ಕ್ಯೋಟೋ ತಜ್ಞರ ಸಮಿತಿ ಹೇಳಿತು. ನಮ್ಮಲ್ಲಿ ಊರಿಗೆ ಊರನ್ನೇ ಪರೀಕ್ಷಿಸಿ ಮಾತ್ರೆ ಕೊಡುವುದು ಆಗದ ಮಾತು. ನನ್ನ ಸಲಹೆ ಇಷ್ಟು: ಸೋಂಕು ಇದೆಯೆಂದು ಬಂದರೆ ಚಿಕಿತ್ಸೆ ಮುಗಿಸಲು ಸಿದ್ಧರಿದ್ದರೆ ಮಾತ್ರ ಪರೀಕ್ಷೆ ಮಾಡಿಸಿ. ಹುಣ್ಣು ಇದ್ದವರು ಅಥವಾ ಹಿಂದೆ ಆಗಿದ್ದವರು, ತಂದೆ-ತಾಯಿ, ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್ ಇದ್ದವರು, ಕಾರಣ ಸಿಗದ ರಕ್ತಹೀನತೆಯವರು, ದೀರ್ಘಕಾಲ ನೋವಿನ ಮಾತ್ರೆ ಅಥವಾ ಆಸ್ಪಿರಿನ್ ನುಂಗಬೇಕಾದವರು ಖಂಡಿತ ಮಾಡಿಸಬೇಕು. ರೋಗಾಣು ಮತ್ತು ನೋವಿನ ಮಾತ್ರೆ ಎರಡೂ ಸೇರಿದರೆ ಹುಣ್ಣಿನ ಅಪಾಯ ಬಹಳ ಹೆಚ್ಚು. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ತೂಕ ಇಳಿದರೆ, ನುಂಗಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅಂಥವರಿಗೆ ಎಂಡೋಸ್ಕೋಪಿ ಬೇಕಾಗುತ್ತದೆ. ಇ.ಎಸ್.ಐ. ಕಾರ್ಡ್ ಇದ್ದವರು ಅದನ್ನು ಪೆಟ್ಟಿಗೆಯಲ್ಲಿ ಇಡಬೇಡಿ.

ಪರೀಕ್ಷೆಯಲ್ಲೂ ಎಚ್ಚರ ಬೇಕು. ರಕ್ತದ ಆಂಟಿಬಾಡಿ ಪರೀಕ್ಷೆ ಹಳೆಯ ಸೋಂಕನ್ನೂ ಈಗಿನದನ್ನೂ ಬೇರ್ಪಡಿಸದು. ಮಲದ ಆಂಟಿಜೆನ್ ಅಥವಾ ಉಸಿರಿನ ಯೂರಿಯಾ ಪರೀಕ್ಷೆ ಕೇಳಿ. ಅದಕ್ಕೆ ಮುನ್ನ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳನ್ನು 2 ವಾರ, ಆಂಟಿಬಯೋಟಿಕ್‌ಗಳನ್ನು 4 ವಾರ ನಿಲ್ಲಿಸಿರಬೇಕು. ಇಲ್ಲವಾದರೆ ರೋಗಾಣು ಇದ್ದರೂ ಇಲ್ಲವೆಂದು ವರದಿ ಬರಬಹುದು. ನಿಲ್ಲಿಸುವುದನ್ನು ಮಾತ್ರ ವೈದ್ಯರನ್ನು ಕೇಳಿಯೇ ಮಾಡಿ.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಆಮ್ಲ ತಗ್ಗಿಸುವ ಮಾತ್ರೆ, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಎಂಬ ನಾಲ್ಕರ ಕೂಟ ಈಗ ಹೆಚ್ಚು ನಂಬಿಕೆಯದು. ಭೇದಿಯಾದಾಗಲೆಲ್ಲ ಮೆಟ್ರೊನಿಡಜೋಲ್, ನೆಗಡಿಗೆಲ್ಲ ಅಜಿತ್ರೋಮೈಸಿನ್ ನುಂಗಿ ನುಂಗಿ ನಾವೇ ರೋಗಾಣುವನ್ನು ಗಟ್ಟಿ ಮಾಡಿದ್ದೇವೆ. ಅಜಿತ್ರೋಮೈಸಿನ್‌ನ ಬಳಗಕ್ಕೇ ಸೇರಿದ ಕ್ಲಾರಿತ್ರೋಮೈಸಿನ್ ಈಗ ಅನೇಕರಲ್ಲಿ ಕೆಲಸ ಮಾಡುವುದಿಲ್ಲ. ಬಾಯಿ ಕಹಿಯಾಗುತ್ತದೆ, ವಾಕರಿಕೆ ಬರುತ್ತದೆ. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬೇಡಿ. ಐದನೇ ದಿನ ಉರಿ ನಿಂತಿತೆಂದು ಬಿಟ್ಟರೆ ಮುಂದಿನ ಸಲ ಅದೇ ಮದ್ದು ನಾಟದು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಟೆಟ್ರಾಸೈಕ್ಲಿನ್ ಕೂಡದು.

ಇನ್ನು ರಮಝಾನ್. ಈ ಮಾತ್ರೆಗಳನ್ನು ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳಬೇಕಾಗಬಹುದು. ಸಹ್ರಿ-ಇಫ್ತಾರ್‌ಗೆ ಅದನ್ನು ತುರುಕಿದರೆ ಚಿಕಿತ್ಸೆ ಕೆಡುತ್ತದೆ. ಬಾಲ್ಯದಿಂದ ಹೊಟ್ಟೆಯಲ್ಲಿರುವ ರೋಗಾಣು, ತುರ್ತು ಇಲ್ಲದಿದ್ದರೆ ಈದ್ ಮುಗಿಯುವವರೆಗೆ ಕಾಯಬಹುದು. ವೈದ್ಯರಿಗೆ ಹೇಳಿ ದಿನ ಗೊತ್ತು ಮಾಡಿಕೊಳ್ಳಿ. ಹುಣ್ಣಿನಿಂದ ರಕ್ತ ಹೋಗುತ್ತಿದ್ದರೆ ಕಾಯುವಂತಿಲ್ಲ. ರೋಗಿಯು ಉಪವಾಸ ಬಿಟ್ಟು ಮುಂದೆ ಆ ದಿನಗಳನ್ನು ಪೂರೈಸಬಹುದೆಂಬ ರಿಯಾಯಿತಿ ಪವಿತ್ರ ಕುರ್‌ಆನಿನ ಅಲ್ ಬಕರಾ ಅಧ್ಯಾಯದಲ್ಲೇ ಇದೆ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಬಳಸಲು ನಮ್ಮ ಹಿರಿಯರು ಸಂಕೋಚಪಡುತ್ತಾರೆ. ಮನೆಯ ಓದಿದ ಮಕ್ಕಳು ಅವರಿಗೆ ಇದನ್ನು ತಿಳಿಸಿ ಹೇಳಬೇಕು.

ಕೋರ್ಸ್ ಮುಗಿದು ಕನಿಷ್ಠ 4 ವಾರ ಕಳೆದ ಮೇಲೆ ಮಲದ ಅಥವಾ ಉಸಿರಿನ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಉರಿ ಇಲ್ಲವೆಂದರೆ ರೋಗಾಣು ಹೋಯಿತು ಎಂದಲ್ಲ. ಉಳಿದಿದ್ದರೆ ವೈದ್ಯರು ಬೇರೆ ಮದ್ದುಗಳನ್ನು ಆರಿಸುತ್ತಾರೆ. ಹೋಗಲಿ ಎಂದು ಹಳೆಯ ಚೀಟಿಯನ್ನೇ ಹಿಡಿದು ಮತ್ತೆ ಮೆಡಿಕಲ್ ಸ್ಟೋರಿಗೆ ಹೋಗಬೇಡಿ, ಆ ಚೀಟಿಯ ಮಾತ್ರೆಗಳನ್ನು ಮನೆಮಂದಿಗೂ ಹಂಚಬೇಡಿ.